ಹುಬ್ಬಳ್ಳಿ–ಬೆಂಗಳೂರು: ಆಕಾಶದ ದೂರವೆಷ್ಟು, ಪ್ರಯಾಣದ ವೇಳೆಯೆಷ್ಟು?

ರೋಣ: ಗದಗ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಈ ಭಾಗದವರಿಗೆ ಅತಿ ಸಮೀಪದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಿಲ್ದಾಣ. ನೇರ ಅಳತೆಯಲ್ಲಿ ಅದು ನರಗುಂದದಿಂದ ಸುಮಾರು 50, ರೋಣದಿಂದ 80 ಹಾಗೂ ಗಜೇಂದ್ರಗಡದಿಂದ 105 ಕಿ.ಮೀ. ದೂರದಲ್ಲಿದೆ. ರಸ್ತೆಯ ದೂರ ಸಹಜವಾಗಿಯೇ ಇದಕ್ಕಿಂತ ಹೆಚ್ಚು.

ಹುಬ್ಬಳ್ಳಿ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಣ ವಾಯುದೂರ ಸುಮಾರು 370 ಕಿ.ಮೀ. ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿಯ ಲೆಕ್ಕದಲ್ಲಿ (ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.) ಇದು 200 ಮೈಲಿ. ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳನ್ನು ಕೂಡಿಸುವ ಅತಿ ಕಿರಿದಾದ ರೇಖೆಯೇ ವಾಯುದೂರ.

2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಸಂಸ್ಥೆ ಹಾರಾಟ ಆರಂಭಿಸಿದಾಗ ಬೆಂಗಳೂರು–ಹುಬ್ಬಳ್ಳಿ ಅದರ ಮೊದಲ ಮಾರ್ಗಗಳಲ್ಲಿ ಒಂದಾಗಿತ್ತು. ಅಂದು ಬಳಸಿದ್ದು ಎಟಿಆರ್ ಎಂಬ ಚಿಕ್ಕ ವಿಮಾನ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. 2017ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು.

ವೇಳೆಯ ಲೆಕ್ಕ

ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ., ಜೆಟ್ ವಿಮಾನ 800 ಕಿ.ಮೀ. ವೇಗದಲ್ಲಿ ಹಾರುತ್ತದೆ. ಬರಿಯ ಭಾಗಾಕಾರದಂತೆ ಮೊದಲನೆಯದಕ್ಕೆ 44, ಎರಡನೆಯದಕ್ಕೆ 28 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ವೇಳೆ ಕಾಣುತ್ತದೆ. ವಿಮಾನವು ನಿಂತ ಜಾಗ ಬಿಟ್ಟು ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇಳಿದ ಮೇಲೆ ಟರ್ಮಿನಲ್ ತಲುಪುವುದು ಇವೆಲ್ಲವೂ ಆ ವೇಳೆಯಲ್ಲಿ ಸೇರಿರುತ್ತವೆ. ಆದ್ದರಿಂದ ಇಷ್ಟು ಕಿರಿದಾದ ಮಾರ್ಗದಲ್ಲಿ ಜೆಟ್‌ನಿಂದ ಉಳಿಯುವುದು ಕೆಲವೇ ನಿಮಿಷ.

ರೋಣದವರ ಲೆಕ್ಕವೇ ಬೇರೆ. ಬೆಳಿಗ್ಗೆ 10ಕ್ಕೆ ವಿಮಾನವಿದ್ದರೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಚೆಕ್‌ಇನ್ ಕೌಂಟರ್ ಮುಚ್ಚುತ್ತದೆ. ಗದಗ, ಅಣ್ಣಿಗೇರಿ ದಾಟಿ, ಹುಬ್ಬಳ್ಳಿ ನಗರವನ್ನು ಹಾಯ್ದು ಹೋಗಬೇಕಾದುದರಿಂದ ಬೆಳಿಗ್ಗೆ 6ಕ್ಕೆ ಊರು ಬಿಡುವುದು ಕ್ಷೇಮ. 11ರ ಸುಮಾರಿಗೆ ದೇವನಹಳ್ಳಿಯಲ್ಲಿ ಇಳಿದು, ಸಾಮಾನು ಪಡೆದು, ಸುಮಾರು 35 ಕಿ.ಮೀ. ದೂರದ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಮಧ್ಯಾಹ್ನ 1 ಗಂಟೆ. ಒಂದು ಗಂಟೆಯ ಹಾರಾಟಕ್ಕೆ ಒಟ್ಟು ಏಳು ಗಂಟೆ ಹಿಡಿಯಿತು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ರೋಣದಿಂದ ದೇವನಹಳ್ಳಿಗೆ ನೇರ ದೂರ ಸುಮಾರು 350 ಕಿ.ಮೀ. ಮಾತ್ರ. ಪ್ರಯಾಣಿಕನು ಆಗ್ನೇಯಕ್ಕೆ ಹೋಗಬೇಕಾದವನು ಮೊದಲು ನೈಋತ್ಯದ ಹುಬ್ಬಳ್ಳಿಗೆ ಸಾಗಿ, ಅಲ್ಲಿಂದ ಇನ್ನೂ 370 ಕಿ.ಮೀ. ಹಾರಬೇಕಾಗುತ್ತದೆ.

ಹೀಗಾಗಿ ಆಸ್ಪತ್ರೆಯಲ್ಲಿ ಅಥವಾ ಸಂದರ್ಶನಕ್ಕೆ ಮುಂಜಾನೆಯೇ ಹಾಜರಿರಬೇಕಾದವರಿಗೆ ಹಿಂದಿನ ರಾತ್ರಿಯ ಬಸ್ಸು ಅಥವಾ ರೈಲೇ ಇಂದಿಗೂ ಅನುಕೂಲ. ಚಳಿಗಾಲದ ಮುಂಜಾವಿನ ಮಂಜಿನಿಂದ ಬೆಂಗಳೂರಿನಲ್ಲಿ ವಿಮಾನಗಳು ತಡವಾಗುವುದುಂಟು ಎಂಬುದನ್ನೂ ನೆನಪಿಡಬೇಕು. ನರಗುಂದದವರಿಗೆ ಮಾತ್ರ ವಿಮಾನದಿಂದ ಒಂದಿಷ್ಟು ವೇಳೆ ಉಳಿದೀತು.

ದೂರ ಹೆಚ್ಚಿದಂತೆ ವಿಮಾನದ ಪ್ರಯೋಜನವೂ ಹೆಚ್ಚುತ್ತದೆ. ಹುಬ್ಬಳ್ಳಿಯಿಂದ ದೆಹಲಿಗೆ ವಾಯುದೂರ ಸುಮಾರು 1480 ಕಿ.ಮೀ. ರೈಲಿನಲ್ಲಿ ಒಂದು ದಿನಕ್ಕೂ ಮಿಕ್ಕಿ ಹಿಡಿಯುವ ಈ ದಾರಿ ನೇರ ಜೆಟ್ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆಯದು. ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ವಿಚಾರಿಸುವುದು ಒಳಿತು.