ಶೇ 3ರಿಂದ ಶೇ 5ಕ್ಕೆ: ಪಟ್ಟಿ ಬರೆಯುವವರು ಯಾರು?

ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆ ತಿರುವಿದರೆ ಕೊನೆಯಲ್ಲೆಲ್ಲೋ ‘ವಿಕಲಚೇತನರ ಕಲ್ಯಾಣ, ಶೇ 5’ ಎಂಬ ಸಾಲು ಸಿಗುತ್ತದೆ. ವರದಿಗಾರರಾದ ನಾವು ಬಹಳ ವರ್ಷ ಆ ಸಾಲು ದಾಟಿ ಚರಂಡಿ, ಕುಡಿಯುವ ನೀರಿನ ಸುದ್ದಿಗೇ ಹೋದವರು. ಆದರೆ ಆ ಸಾಲಿಗೂ ಒಂದು ಚರಿತ್ರೆಯಿದೆ.

1995ರ ಕಾಯ್ದೆಗೆ ಮುಂಚೆ ಹಳ್ಳಿಯಲ್ಲಿ ನೆರವೆಂದರೆ ಹೆಚ್ಚಾಗಿ ಮಾಸಾಶನ, ಇಲ್ಲವೇ ದಾನಿಗಳ ಶಿಬಿರ. ಆ ಕಾಯ್ದೆಯ 40ನೇ ಕಲಮು ಬಡತನ ನಿವಾರಣೆ ಯೋಜನೆಗಳಲ್ಲಿ ಕನಿಷ್ಠ ಶೇ 3 ಮೀಸಲಿಡಿ ಎಂದಿತು. ಪಾಲು ಎಷ್ಟೆಂದು ಹೇಳಿತು, ಏನು ಬೇಕೆಂದು ಅವರನ್ನೇ ಕೇಳಿ ಎನ್ನಲಿಲ್ಲ. ಪಟ್ಟಿ ಕಚೇರಿಯಲ್ಲೇ ತಯಾರಾಗುತ್ತಿತ್ತು. (ಈ ನಡುವೆ ಹೆಸರು ಮಾತ್ರ ಅಂಗವಿಕಲ, ವಿಕಲಚೇತನ, ವಿಶೇಷ ಚೇತನ ಎಂದು ಬದಲಾಗುತ್ತ ಬಂತು. ಹೆಸರಿಗೆ ಅನುದಾನ ಬೇಕಿಲ್ಲವಲ್ಲ.)

2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. 7 ಬಗೆಯ ವೈಕಲ್ಯ 21 ಆಯಿತು, ಶೇ 3 ಹೋಗಿ ಶೇ 5 ಆಯಿತು, ಮಹಿಳೆಯರಿಗೆ ಆದ್ಯತೆ ಎಂದೂ ಸೇರಿತು. ನಮಗೆ ದೊಡ್ಡದಾಗಿ ಕಾಣುವುದು 38ನೇ ಕಲಮು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವವರು ತಮಗೆ ಹೆಚ್ಚಿನ ಆಸರೆ ಬೇಕು ಅನಿಸಿದರೆ ತಾವೇ ಅರ್ಜಿ ಹಾಕಬಹುದು. ಅದನ್ನು ಮಂಡಳಿಯೊಂದು ಪರಿಶೀಲಿಸಬೇಕು. ಅಲ್ಲಿಯವರೆಗೆ ಮಾತು ಶುರುವಾಗುತ್ತಿದ್ದುದು ಡಾಕ್ಟರ ಸರ್ಟಿಫಿಕೇಟಿನ ಅಂಕಿಯಿಂದ.

ನಮ್ಮ ರಾಜ್ಯದಲ್ಲಿ ಕೇಳುವ ಕೆಲಸ ಬಿದ್ದದ್ದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೇಲೆ. ಹಲವರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಮನೆಮನೆ ತಿರುಗಿ ಪಟ್ಟಿ ಮಾಡುವವರು ಅವರೇ, ವಿಶೇಷ ಗ್ರಾಮ ಸಭೆಗೆ ಜನರನ್ನು ಕರೆತರುವವರೂ ಅವರೇ.

ಅಂಥದ್ದೊಂದು ಸಭೆಗೆ ನಾವು ಹೋದಾಗ ಅದು ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲ ಕೆಳಗೆ ಐದಾರು ಮಂದಿ ಕೂತೇ ಇದ್ದರು. ಮೇಲೆ ಟೈಪಾದ ಪಟ್ಟಿ ಓದುತ್ತಿದ್ದರು: ಹೊಲಿಗೆ ಯಂತ್ರ, ಮೂರು ಗಾಲಿ ಸೈಕಲ್. ಒಬ್ಬ ತಾಯಿ ಎದ್ದು, “ಸೈಕಲ್ ಯಾರ್ ತುಳೀಬೇಕ್ರಿ ಸಾಹೇಬ್ರ? ಅವಂಗ ಕೂಡಾಕ ಬರಂಗಿಲ್ಲ. ಬೆನ್ನಾಗ ಹುಣ್ಣಾಗ್ಯಾವ, ನೀರಿನ ಹಾಸಿಗಿ ಕೊಡ್ರಿ” ಅಂದರು. ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ ಎಂಬ ಉತ್ತರ ಬಂತು. ಕಾರ್ಯಕರ್ತೆ ಹಾಳೆಯ ಅಂಚಿನಲ್ಲಿ ಪೆನ್ನಿಂದ ಬರೆದುಕೊಂಡರು.

ಮುಂದಿನ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೇಳಿ ಪಡೆದೆವು. ಸೈಕಲ್ 6, ಹೊಲಿಗೆ ಯಂತ್ರ 4, ನೀರಿನ ಹಾಸಿಗೆ 1. ಸಭೆ ಮಾತ್ರ ಈಗಲೂ ಮಹಡಿಯ ಮೇಲೆಯೇ ನಡೆಯುತ್ತದೆ.