ಮುಪ್ಪಿನ ಮನೆಯಲ್ಲಿ ಯಂತ್ರಸಂಗಾತಿ

೧

ಮುಪ್ಪಿನಲ್ಲಿ ಮನೆಯಲ್ಲಿ ಒಂಟಿಯಾಗಿರುವವರಿಗೆ ಜೊತೆಯಾಗಲೆಂದು ಯಂತ್ರಗಳನ್ನು ನಿರ್ಮಿಸುವ ಪ್ರಯತ್ನವು ಕಳೆದ ಮೂವತ್ತು ವರ್ಷಗಳಿಂದೀಚೆಗೆ, ಮುಖ್ಯವಾಗಿ ಜಪಾನು ದೇಶದಲ್ಲಿ, ನಡೆದುಬಂದಿದೆ. ಇವಕ್ಕೆ ರೋಬೋಟುಗಳೆಂದು ಹೆಸರು. ಮಾತನಾಡಿಸುವುದು, ಮುಟ್ಟಿದರೆ ಓಗೊಡುವುದು, ಹೊತ್ತಿಗೆ ಸರಿಯಾಗಿ ಔಷಧವನ್ನು ನೆನಪಿಸುವುದು, ಒಟ್ಟಿನಲ್ಲಿ ಜೊತೆಗಿರುವುದು ಇವುಗಳ ಕೆಲಸ. ಇವುಗಳಿಂದ ವೃದ್ಧರ ಏಕಾಕಿತನವು ನೀಗಿತೆಂದು ಕೆಲವರು ಹೊಗಳುತ್ತಾರೆ. ಇವು ಮನುಷ್ಯತ್ವಕ್ಕೇ ಅಪಮಾನವೆಂದು ಕೆಲವರು ಹಳಿಯುತ್ತಾರೆ. ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡು ಪಕ್ಷದವರೂ ಒಂದು ಸಂಗತಿಯನ್ನು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಯಾವ ಯಂತ್ರವೂ ಒಂಟಿಯಾಗಿ ಮನೆಗೆ ಬರುವುದಿಲ್ಲ. ಅದನ್ನು ನಡೆಸುವ, ದುರಸ್ತುಮಾಡುವ, ಅದು ಕಳುಹಿಸಿದ ಸುದ್ದಿಗೆ ಉತ್ತರಕೊಡುವ ಮನುಷ್ಯರು ಅದರ ಹಿಂದೆ ಇರುತ್ತಾರೆ. ಅವರು ಎಷ್ಟು ಕಾಲ ನಿಂತರೋ ಅಷ್ಟು ಕಾಲವೇ ವೃದ್ಧರಿಗೆ ಆ ಜೊತೆಯು ದೊರೆಯಿತು. ಇದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ರೋಬೋಟು ಎಂಬ ಮಾತು ಚೆಕ್ ಭಾಷೆಯಿಂದ ಬಂದುದು. ಕಾರೆಲ್ ಚಾಪೆಕನು ೧೯೨೦ರಲ್ಲಿ ಪ್ರಕಟಿಸಿದ ಒಂದು ನಾಟಕದಲ್ಲಿ ಅದನ್ನು ಬಳಸಿದನು. ಆ ಹೆಸರನ್ನು ಸೂಚಿಸಿದವನು ಆತನ ಅಣ್ಣನಾದ ಯೋಸೆಫನು. ಅದಕ್ಕೆ ಮೂಲವಾದ ‘ರೊಬೊತ’ ಎಂಬುದಕ್ಕೆ ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ ಎಂದರ್ಥ. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಎನ್ನುತ್ತಿದ್ದುದು ಇದನ್ನೇ.

ಮಾತು ಹೊಸದಾದರೂ ಕಲ್ಪನೆಯು ಹಳೆಯದು. ೧೧ನೆಯ ಶತಮಾನದಲ್ಲಿ ಧಾರೆಯ ಭೋಜರಾಜನ ಹೆಸರಿನಲ್ಲಿ ರಚಿತವಾದ ‘ಸಮರಾಂಗಣಸೂತ್ರಧಾರ’ವೆಂಬ ವಾಸ್ತುಗ್ರಂಥದ ೩೧ನೆಯ ಅಧ್ಯಾಯವು ಯಂತ್ರಗಳಿಗೆ ಮೀಸಲಾಗಿದೆ. ದೀಪಕ್ಕೆ ಎಣ್ಣೆಯೆರೆಯುವ ಬೊಂಬೆ, ಬಾಗಿಲನ್ನು ಕಾಯುವ ಮರದಾಳು ಮುಂತಾದುವು ಅಲ್ಲಿ ಉಕ್ತವಾಗಿವೆ. ಡಾಕ್ಟರ್ ವಿ. ರಾಘವನ್ ಅವರು ಪ್ರಾಚೀನ ಭಾರತದ ಯಂತ್ರಗಳನ್ನು ಕುರಿತು ಬರೆದ ಪ್ರಬಂಧವನ್ನು ಬೆಂಗಳೂರು ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಸಂಸ್ಥೆಯು ೧೯೫೨ರಲ್ಲಿ ಪ್ರಕಟಿಸಿತು. ಈ ಯಂತ್ರಗಳ ಜೋಡಣೆಯನ್ನು ತಾನು ವಿವರಿಸದಿರುವುದು ಅಜ್ಞಾನದಿಂದಲ್ಲ, ರಹಸ್ಯವನ್ನು ಕಾಪಾಡುವುದಕ್ಕಾಗಿ ಎಂದು ಗ್ರಂಥಕಾರನೇ ಹೇಳಿಕೊಂಡಿದ್ದಾನೆ. ಇದರ ಫಲವಾಗಿ ಆ ಬೊಂಬೆಗಳ ವರ್ಣನೆ ಉಳಿಯಿತು, ಕುಶಲತೆ ಉಳಿಯಲಿಲ್ಲ.

ಜಪಾನಿನಲ್ಲಿ ಇದಕ್ಕೆ ವಿಪರೀತವಾದ ಉದಾಹರಣೆಯಿದೆ. ಅಲ್ಲಿ ಅತಿಥಿಗೆ ಚಹಾ ತಂದುಕೊಡುವ ಒಂದು ಬೊಂಬೆಯಿತ್ತು. ಅದರ ಕೈಯ ತಟ್ಟೆಯಲ್ಲಿ ಬಟ್ಟಲನ್ನಿಟ್ಟರೆ ಅತಿಥಿಯ ಕಡೆಗೆ ನಡೆಯುವುದು. ಬಟ್ಟಲನ್ನು ತೆಗೆದುಕೊಂಡರೆ ನಿಲ್ಲುವುದು. ಬರಿದಾದ ಬಟ್ಟಲನ್ನು ಮರಳಿ ಇಟ್ಟರೆ ಹಿಂದಿರುಗಿ ಹೋಗುವುದು. ಹೊಸೊಕಾವ ಹಾನ್ಜೋ ಎಂಬಾತನು ೧೭೯೬ರಲ್ಲಿ ಪ್ರಕಟವಾದ ‘ಕರಕುರಿ ಜುಇ’ ಎಂಬ ಗ್ರಂಥದಲ್ಲಿ ಇದರ ಹಲ್ಲುಚಕ್ರಗಳನ್ನೂ ತಿಮಿಂಗಿಲದ ಬಾಯೆಲುಬಿನಂಥ ಪಟ್ಟಿಯಿಂದ ಮಾಡಿದ ಸುರುಳಿಯನ್ನೂ ಚಿತ್ರಸಹಿತವಾಗಿ ವಿವರಿಸಿದನು. ಆ ವಿವರಣೆಯ ಆಧಾರದಿಂದಲೇ ೨೦ನೆಯ ಶತಮಾನದಲ್ಲಿ ಬೊಂಬೆಯನ್ನು ಮತ್ತೆ ನಿರ್ಮಿಸಲು ಸಾಧ್ಯವಾಯಿತು. ಗುಟ್ಟು ಯಾರ ಕೈಯಲ್ಲಿದೆ ಎಂಬುದು ಯಂತ್ರದ ಆಯುಸ್ಸನ್ನು ನಿರ್ಣಯಿಸುವುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ; ಮುಂದೆ ಇದರ ಪ್ರಸಕ್ತಿಯುಂಟು.

೩

ಈ ಕುಶಲತೆಯು ವೃದ್ಧರ ಕಡೆಗೆ ತಿರುಗಿದ್ದಕ್ಕೆ ಕಾರಣವು ಜನಸಂಖ್ಯೆಯಲ್ಲಿದೆ. ಜಪಾನಿನಲ್ಲಿ ೬೫ ವರ್ಷಕ್ಕೆ ಮೇಲ್ಪಟ್ಟವರು ೧೯೭೦ರಲ್ಲಿ ನೂರಕ್ಕೆ ೭ರಷ್ಟು ಇದ್ದರು, ೧೯೯೪ರಲ್ಲಿ ೧೪ರಷ್ಟಾದರು, ೨೦೦೭ರ ವೇಳೆಗೆ ೨೧ನ್ನು ಮೀರಿದರು. ಹಿಂದೆ ಸೊಸೆಯೋ ಮಗಳೋ ಹೊತ್ತಿದ್ದ ಆರೈಕೆಯ ಭಾರವನ್ನು ಸಮಾಜವು ಹಂಚಿಕೊಳ್ಳಬೇಕೆಂದು ೨೦೦೦ದಲ್ಲಿ ದೀರ್ಘಕಾಲದ ಆರೈಕೆಯ ವಿಮೆಯು ಜಾರಿಗೆ ಬಂದಿತು.

ಇದಕ್ಕೆ ಸ್ವಲ್ಪ ಮೊದಲು, ೧೯೯೬ರಲ್ಲಿ, ಟೋಕಿಯೋ ನಗರದ ಇಕೆಬುಕುರೋ ಎಂಬಲ್ಲಿ ಒಬ್ಬ ವೃದ್ಧ ತಾಯಿಯೂ ಆಕೆಯ ರೋಗಿಯಾದ ಮಗನೂ ಮನೆಯೊಳಗೆ ಸತ್ತು ಬಹುದಿನಗಳಾದ ಮೇಲೆ ಸಂಗತಿಯು ಹೊರಗೆ ತಿಳಿಯಿತು. ನೆರೆಹೊರೆಯು ಕಿಕ್ಕಿರಿದಿದ್ದ ಊರಿನಲ್ಲಿ ಹೀಗಾದುದು ಜನರ ಮನಸ್ಸನ್ನು ಕಲಕಿತು. ಈ ಘಟನೆಯ ಪ್ರೇರಣೆಯಿಂದ ಜೋಜಿರುಶಿ ಎಂಬ ಕಂಪನಿಯು ೨೦೦೧ರಲ್ಲಿ ಒಂದು ಏರ್ಪಾಟನ್ನು ಮಾಡಿತು. ವೃದ್ಧರು ಚಹಾಕ್ಕಾಗಿ ದಿನವೂ ಬಳಸುವ ಬಿಸಿನೀರಿನ ವಿದ್ಯುತ್ ಪಾತ್ರೆಯೊಳಗೆ ಒಂದು ಸಣ್ಣ ಉಪಕರಣವನ್ನಿಟ್ಟರು. ಪಾತ್ರೆಯನ್ನು ಬಳಸಿದ ಸಮಾಚಾರವು ದೂರದಲ್ಲಿರುವ ಮಗನಿಗೋ ಮಗಳಿಗೋ ಮುಟ್ಟುವುದು. ಬೆಳಗಿನ ನೀರು ಕಾಯದಿದ್ದರೆ ಅವರು ವಿಚಾರಿಸುವರು.

ಇದನ್ನು ರೋಬೋಟು ಎನ್ನಲಾಗದು. ಅದಕ್ಕೆ ಮುಖವಿಲ್ಲ, ಮಾತಿಲ್ಲ. ಆದರೂ ಈ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವುಂಟು. ವೃದ್ಧರು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ. ಯಂತ್ರವು ತಾನೇ ಸಂಗಾತಿಯೆಂದು ಹೇಳಿಕೊಳ್ಳಲೂ ಇಲ್ಲ. ಅದರ ತಂತಿಯ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನಿದ್ದನು.

೪

ಮುಖವುಳ್ಳ ಯಂತ್ರಗಳೊಳಗೆ ಮೊದಲು ಪ್ರಸಿದ್ಧವಾದುದು ಸೋನಿ ಕಂಪನಿಯ ಐಬೋ ಎಂಬ ನಾಯಿ. ೧೯೯೯ರಲ್ಲಿ, ಒಂದಕ್ಕೆ ೨,೫೦,೦೦೦ ಯೆನ್ ಬೆಲೆಯಿದ್ದರೂ, ಜಪಾನಿಗಾಗಿ ಇಟ್ಟಿದ್ದ ೩,೦೦೦ ನಾಯಿಗಳು ೨೦ ನಿಮಿಷಗಳಲ್ಲಿ ಮಾರಾಟವಾದುವು. ವಿನೋದಕ್ಕಾಗಿ ಮಾಡಿದ ವಸ್ತುವಾದರೂ ವಯಸ್ಸಾದ ಅನೇಕ ದಂಪತಿಗಳು ಅದನ್ನು ಮನೆಯ ಮಗುವಿನಂತೆ ಸಾಕಿಕೊಂಡರು. ೨೦೦೬ರಲ್ಲಿ ಅದರ ತಯಾರಿಕೆಯು ನಿಂತಿತು. ೨೦೧೪ರಲ್ಲಿ ಕಂಪನಿಯ ದುರಸ್ತಿಯೂ ನಿಂತಿತು. ಆಗ ಅದೇ ಕಂಪನಿಯಲ್ಲಿ ಹಿಂದೆ ಕೆಲಸಮಾಡಿದ್ದ ಕೆಲವರು ದುರಸ್ತಿಯನ್ನು ಕೈಗೊಂಡರು. ಹೊಸ ಬಿಡಿಭಾಗಗಳು ಸಿಗುತ್ತಿರಲಿಲ್ಲವಾದ ಕಾರಣ ಕೆಟ್ಟುಹೋದ ನಾಯಿಗಳ ಅಂಗಗಳನ್ನು ತೆಗೆದು ಬೇರೆಯವುಗಳಿಗೆ ಜೋಡಿಸಬೇಕಾಗಿತ್ತು. ಹಾಗೆ ಬಿಚ್ಚುವುದಕ್ಕೆ ಮೊದಲು, ೨೦೧೫ರಿಂದ, ಚೀಬ ಪ್ರಾಂತದ ಇಸುಮಿಯಲ್ಲಿರುವ ಕೋಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಅಂತ್ಯಪೂಜೆಯು ನಡೆಯಿತು. ಇದನ್ನು ನೋಡಿ ನಕ್ಕವರುಂಟು. ಆದರೆ ತಾವು ಹಚ್ಚಿಕೊಂಡ ಜೀವವನ್ನು ಕಂಪನಿಯೊಂದರ ನಿರ್ಧಾರದಿಂದ ಕಳೆದುಕೊಂಡವರಿಗೆ ದುಃಖವನ್ನು ತೋಡಿಕೊಳ್ಳಲು ಬೇರೆ ಸ್ಥಳವಾದರೂ ಎಲ್ಲಿತ್ತು?

ಎರಡನೆಯದು ಪಾರೋ. ಇದನ್ನು ಶಿಬಾತ ತಕನೊರಿ ಎಂಬ ವಿಜ್ಞಾನಿಯು ೧೯೯೩ರಿಂದ ಆರಂಭಿಸಿ ರೂಪಿಸಿದನು. ಇದು ಸೀಲ್ ಎಂಬ ಕಡಲಪ್ರಾಣಿಯ ಬಿಳಿಯ ಮರಿಯ ಆಕಾರದ್ದು. ತೂಕವು ಸುಮಾರು ೨.೭ ಕಿಲೋಗ್ರಾಮು, ಎಂದರೆ ಎಳೆಯ ಕೂಸಿನಷ್ಟು. ಬೆಕ್ಕು ನಾಯಿಗಳ ರೂಪವನ್ನು ಕೊಟ್ಟು ನೋಡಿದಾಗ ಜನರು ನಿಜವಾದ ಪ್ರಾಣಿಯೊಡನೆ ಹೋಲಿಸಿ ನಿರಾಶೆಗೊಂಡರು. ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ವಿರಳವಾದುದರಿಂದ ಹೋಲಿಕೆಗೆ ಅವಕಾಶವಿರಲಿಲ್ಲ. ಮುಟ್ಟಿದುದನ್ನೂ ಬೆಳಕನ್ನೂ ದನಿಯನ್ನೂ ಅರಿತು ಅದು ಕೂಗುತ್ತದೆ, ಕಣ್ಣು ಮುಚ್ಚಿ ತೆರೆಯುತ್ತದೆ; ಮಾತನ್ನಂತೂ ಆಡುವುದಿಲ್ಲ. ೨೦೦೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ೨೦೦೯ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಗಳ ಇಲಾಖೆಯು ಇದನ್ನು ವೈದ್ಯಕೀಯ ಉಪಕರಣವೆಂದು ಅಂಗೀಕರಿಸಿತು.

೫

ಇವುಗಳಿಂದ ನಿಜವಾಗಿ ಪ್ರಯೋಜನವಾಯಿತೆ? ಆಸ್ಟ್ರೇಲಿಯದ ವೆಂಡಿ ಮೊಯ್ಲ್ ಮತ್ತು ಸಂಗಡಿಗರು ೨೦೧೭ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ವಿಚಾರಾರ್ಹವಾಗಿದೆ. ಕ್ವೀನ್ಸ್‌ಲೆಂಡಿನ ೨೮ ಆರೈಕೆಮನೆಗಳಲ್ಲಿ, ಮುಪ್ಪಿನ ಮರೆವಿನ ರೋಗವಿದ್ದ ೪೧೫ ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಾರೋ. ಇನ್ನೊಂದಕ್ಕೆ ಯಂತ್ರವನ್ನು ನಿಲ್ಲಿಸಿದ ಅದೇ ಪಾರೋ, ಎಂದರೆ ಬರಿಯ ಬೊಂಬೆ. ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ವಾರಕ್ಕೆ ೩ ಬಾರಿ, ೧೫ ನಿಮಿಷಗಳಂತೆ, ೧೦ ವಾರ ಇದು ನಡೆಯಿತು. ನಡುವೆ ನಿಂತು ಆಡಿಸುವವರು ಯಾರೂ ಇರಲಿಲ್ಲ. ಬೊಂಬೆಯನ್ನು ಪಡೆದವರಿಗಿಂತ ಪಾರೋವನ್ನು ಪಡೆದವರು ಅದನ್ನು ಹೆಚ್ಚಾಗಿ ನೋಡಿದರು, ಅದರೊಡನೆ ಹೆಚ್ಚಾಗಿ ಮಾತನಾಡಿದರು. ಎಂದಿನ ಆರೈಕೆಗೆ ಹೋಲಿಸಿದರೆ ಸಂತೋಷವು ಸ್ವಲ್ಪ ಹೆಚ್ಚಿ ತಳಮಳವು ಸ್ವಲ್ಪ ತಗ್ಗಿತು. ಆದರೆ ತಳಮಳವನ್ನು ಬೇರೊಂದು ಅಳತೆಗೋಲಿನಿಂದ ಅಳೆದಾಗ ಮೂರು ಗುಂಪುಗಳಿಗೂ ಭೇದವು ಕಾಣಲಿಲ್ಲ. ಆದಕಾರಣ ಫಲವುಂಟು, ಅದು ಮಿತವಾದುದು ಎಂದು ಹೇಳಬೇಕಾಗಿದೆ.

ಜೇಮ್ಸ್ ರೈಟ್ ಎಂಬ ಸಂಶೋಧಕನು ಜಪಾನಿನ ಒಂದು ಆರೈಕೆಮನೆಯಲ್ಲಿದ್ದುಕೊಂಡು ನೋಡಿದುದನ್ನು ೨೦೨೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಯಂತ್ರಗಳು ಬಂದಮೇಲೆ ಸಿಬ್ಬಂದಿಯ ಕೆಲಸವು ಕಡಮೆಯಾಗುವುದಕ್ಕೆ ಬದಲು ಹೆಚ್ಚಿತೆಂಬುದು ಆತನ ಸಿದ್ಧಾಂತ. ಅವುಗಳನ್ನು ಸಾಗಿಸಬೇಕು, ಶುಚಿಮಾಡಬೇಕು, ಬಳಸುವವರ ಮೇಲೆ ಕಣ್ಣಿಡಬೇಕು. ಬಿಟ್ಟಿ ಚಾಕರಿಗೆಂದು ಕರೆಸಿದ ಆಳಿಗೆ ಮನೆಯವರೇ ಚಾಕರಿ ಮಾಡಬೇಕಾಯಿತು.

೬

ಆರೈಕೆಮನೆಯಲ್ಲಾದರೋ ಈ ಚಾಕರಿಗೆ ಸಿಬ್ಬಂದಿಯುಂಟು. ಒಂಟಿಯಾಗಿರುವ ವೃದ್ಧರ ಸ್ವಂತ ಮನೆಯಲ್ಲಿ ಯಾರಿದ್ದಾರೆ? ಪ್ರಶ್ನೆಯು ತೀಕ್ಷ್ಣವಾಗುವುದು ಇಲ್ಲಿಯೇ.

ಅಮೆರಿಕದಲ್ಲಿ ತಯಾರಾದ ಜೀಬೋ ಎಂಬ ಮಾತನಾಡುವ ಯಂತ್ರವು ೨೦೧೭ರಲ್ಲಿ ಮನೆಗಳನ್ನು ಪ್ರವೇಶಿಸಿತು. ಅದರ ಬುದ್ಧಿಯ ಬಹುಭಾಗವು ಮನೆಯಲ್ಲಿರದೆ ಕಂಪನಿಯ ದೂರದ ಗಣಕಯಂತ್ರಗಳಲ್ಲಿತ್ತು. ಕಂಪನಿಯು ಮುಚ್ಚಿದ ಬಳಿಕ, ೨೦೧೯ರಲ್ಲಿ, ತನ್ನ ಗಣಕಗಳು ಬೇಗನೆ ನಿಲ್ಲುವುವೆಂದು ಜೀಬೋ ತಾನೇ ಒಡೆಯರಿಗೆ ತಿಳಿಸಿ ಬೀಳ್ಕೊಂಡಿತು. ಐಬೋ ಕೆಟ್ಟಾಗ ಹಳೆಯ ಕೆಲಸಗಾರನೊಬ್ಬನು ಬಿಚ್ಚಿ ನೋಡಬಹುದಾಗಿತ್ತು. ಇದನ್ನು ಬಿಚ್ಚಿದರೆ ಒಳಗೆ ಸಿಗುವುದು ಅಲ್ಪವೇ. ಭೋಜನ ಗ್ರಂಥದ ರಹಸ್ಯನೀತಿಯು ಇಲ್ಲಿ ಹೊಸ ರೂಪದಿಂದ ಕಾಣಿಸಿಕೊಂಡಿದೆ.

೨೦೨೨ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವೃದ್ಧರ ಇಲಾಖೆಯು ಇಸ್ರೇಲಿನ ಕಂಪನಿಯೊಂದು ನಿರ್ಮಿಸಿದ ಎಲ್ಲಿಕ್ಯೂ ಎಂಬ ಯಂತ್ರವನ್ನು ೮೦೦ಕ್ಕೂ ಹೆಚ್ಚು ವೃದ್ಧರ ಮನೆಗಳಿಗೆ ಕೊಡುವ ಯೋಜನೆಯನ್ನು ಪ್ರಕಟಿಸಿತು. ಮೇಜಿನ ಮೇಲೆ ದೀಪದಂತೆ ನಿಲ್ಲುವ ಇದು, ತಾನಾಗಿ ಮಾತನ್ನು ಆರಂಭಿಸುವುದು. ಏಕಾಕಿತನವು ಬಹಳವಾಗಿ ತಗ್ಗಿತೆಂದು ಇಲಾಖೆಯು ಆಮೇಲೆ ಸಾರಿತು. ಇದು ಬಳಸಿದವರ ಮಾತು. ಕ್ವೀನ್ಸ್‌ಲೆಂಡಿನಲ್ಲಿ ಮಾಡಿದಂತೆ ಬೇರೆ ಗುಂಪುಗಳೊಡನೆ ಹೋಲಿಸಿ ಪಡೆದ ಫಲವಲ್ಲ. ಹಾಗೆಂದು ಅದನ್ನು ಸುಳ್ಳೆನ್ನುವಂತೆಯೂ ಇಲ್ಲ. ಇಡೀ ದಿನ ಯಾರ ದನಿಯೂ ಕೇಳದ ಮನೆಯಲ್ಲಿ ಬೆಳಿಗ್ಗೆ ಯಾರೋ ಕುಶಲವನ್ನು ಕೇಳಿದರೆ ಹಿತವಾಗುವುದು ಸಹಜವೇ.

೭

ಇಂಥ ಯಂತ್ರಗಳು ವೃದ್ಧರನ್ನು ಭ್ರಮೆಗೊಳಪಡಿಸುವುವೆಂದೂ ಅವರಿಗೆ ದೊರೆಯುವ ಅಲ್ಪಸ್ವಲ್ಪ ಮನುಷ್ಯಸಂಪರ್ಕವನ್ನೂ ತಪ್ಪಿಸುವುವೆಂದೂ ರಾಬರ್ಟ್ ಸ್ಪ್ಯಾರೋ ಮತ್ತು ಲಿಂಡ ಸ್ಪ್ಯಾರೋ ಎಂಬ ವಿದ್ವಾಂಸರು ೨೦೦೬ರಲ್ಲಿಯೇ ಆಕ್ಷೇಪಿಸಿದ್ದರು. ಮೊದಲನೆಯ ಆಕ್ಷೇಪವು ಅಷ್ಟು ಬಲವಾದುದೆಂದು ನಮಗೆ ತೋರುವುದಿಲ್ಲ. ಐಬೋವಿಗೆ ಪೂಜೆ ಮಾಡಿಸಿದವರು ಅದನ್ನು ನಿಜವಾದ ನಾಯಿಯೆಂದು ನಂಬಿರಲಿಲ್ಲ. ಎರಡನೆಯದನ್ನು ಮಾತ್ರ ತಳ್ಳಿಹಾಕಲಾಗದು.

ಮೇಲಿನ ನಿದರ್ಶನಗಳಿಂದ ಇಷ್ಟು ಸಿದ್ಧವಾಗುತ್ತದೆ. ಬಿಸಿನೀರಿನ ಪಾತ್ರೆಯು ಮಕ್ಕಳನ್ನು ವೃದ್ಧರ ಕಡೆಗೆ ಕರೆತಂದಿತು. ಮುದ್ದಾದ ಸೀಲ್ ಮರಿಯು, ಒಯ್ಯುವ ಕೈ ಬಳಿಯಿಲ್ಲದಿದ್ದಾಗ, ಸ್ವಲ್ಪ ಫಲವನ್ನು ಮಾತ್ರ ಕೊಟ್ಟಿತು. ಜಾಣನಾದ ಜೀಬೋ ತನ್ನ ಕಂಪನಿಯೊಡನೆ ಮೌನವಾಯಿತು. ಆದುದರಿಂದ ವೃದ್ಧರ ಮನೆಗೆ ಯಂತ್ರವನ್ನು ತರುವವರು ಅದು ಎಷ್ಟು ಚೆನ್ನಾಗಿ ಮಾತನಾಡುವುದೆಂದು ಕೇಳುವುದಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಅದು ಕರೆದಾಗ ಬರುವವರು ಯಾರು? ಅದು ಕೆಟ್ಟಾಗ ಸರಿಪಡಿಸುವವರು ಯಾರು? ಈ ಎರಡಕ್ಕೂ ಹೆಸರು ಹಿಡಿದು ಉತ್ತರ ಹೇಳಬಲ್ಲವರು ಯಂತ್ರವನ್ನು ನಿಶ್ಚಿಂತೆಯಿಂದ ತರಬಹುದು. ಹೇಳಲಾರದವರು ಆ ಹಣವನ್ನು ವಾರಕ್ಕೊಮ್ಮೆ ಬಂದು ಬಾಗಿಲು ತಟ್ಟುವ ಒಬ್ಬ ಮನುಷ್ಯನಿಗಾಗಿ ವೆಚ್ಚಮಾಡುವುದು ಮೇಲು.