ಹಾರುವವರ ಕೈಗಡಿಯಾರ: ಪ್ಯಾರಿಸ್‌ನಿಂದ ಜಾಲಹಳ್ಳಿಗೆ, ಅಲ್ಲಿಂದ ಇಂದಿಗೆ

ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಸೂಳೆಕೆರೆ ದಂಡೆಯ ಕೆರೆಬಿಳಚಿಯಂಥ ಊರಿನ ಹುಡುಗ ಹುಡುಗಿಯರಿಗೂ ವಿಮಾನವೀಗ ದೂರದ ಮಾತಲ್ಲ. ಪೈಲಟ್ ತರಬೇತಿಗೆ ಹೊರಟವರ ಎದುರಿಗೆ ಬೇಗನೇ ಬರುವ ಒಂದು ಆಕರ್ಷಣೆ ‘ಪೈಲಟ್ ವಾಚು’. ಸಾವಿರ ರೂಪಾಯಿಗೂ ಸಿಗುತ್ತದೆ, ಹಲವು ಲಕ್ಷಕ್ಕೂ ಸಿಗುತ್ತದೆ. ಯಾವುದು ಕೆಲಸಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ, ಆ ವಾಚು ಯಾವ ಅಗತ್ಯದಿಂದ ಹುಟ್ಟಿತು ಎಂಬುದನ್ನು ನೋಡಬೇಕು.

ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಎರಡೂ ಕೈಯಲ್ಲಿ ವಿಮಾನದ ಹಿಡಿಕೆ ಹಿಡಿದವನು ಜೇಬಿನಿಂದ ಗಡಿಯಾರ ತೆಗೆಯುವುದು ಹೇಗೆ? ಬ್ರೆಜಿಲ್‌ನ ಆಲ್ಬರ್ಟೊ ಸಾಂಟೋಸ್ ಡುಮಾಂಟ್‌ಗಾಗಿ ಲೂಯಿ ಕಾರ್ಟಿಯೆ 1904ರಲ್ಲಿ ಮಣಿಕಟ್ಟಿಗೆ ಕಟ್ಟುವ ಗಡಿಯಾರ ಮಾಡಿಕೊಟ್ಟದ್ದು ಈ ತೊಡಕಿಗೆ ಉತ್ತರವಾಗಿ. ದೂರದ ಹಾರಾಟ ಶುರುವಾದ ಮೇಲೆ ತೊಡಕು ದೊಡ್ಡದಾಯಿತು. ಸಮುದ್ರದ ಮೇಲೆ ಹಾರುವಾಗ ಸೂರ್ಯ, ನಕ್ಷತ್ರಗಳನ್ನು ನೋಡಿ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಬೇಕಿತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಗಡಿಯಾರ 4 ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಒಂದು ನಾಟಿಕಲ್ ಮೈಲಿ ತಪ್ಪುತ್ತದೆ. ಅಮೆರಿಕದ ನೌಕಾಧಿಕಾರಿ ಫಿಲಿಪ್ ವೀಮ್ಸ್ ಸೆಕೆಂಡನ್ನು ಸರಿಹೊಂದಿಸಬಲ್ಲ ಗಡಿಯಾರ ರೂಪಿಸಿದರು. 1927ರಲ್ಲಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಅದನ್ನೇ ಮುಂದುವರಿಸಿ ಲಾಂಜಿನ್ಸ್ ಕಂಪನಿಗೆ ಹೊಸ ವಿನ್ಯಾಸ ಕೊಟ್ಟರು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆಯ ಗಡಿಯಾರ 55 ಮಿಲಿಮೀಟರ್ ಅಗಲವಿತ್ತು. ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟಬೇಕು, ಕೈಗವಸು ತೊಟ್ಟೇ ಕೀಲಿ ತಿರುಗಿಸಬೇಕು ಎಂಬ ಕಾರಣಕ್ಕೆ ಆ ಗಾತ್ರ. ಅಮೆರಿಕದ ಎ-11 ವಾಚಿನ ಕೀಲಿ ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತಿತ್ತು, ಹಾಗಾಗಿ ಇಡೀ ತಂಡ ಒಂದೇ ಕ್ಷಣಕ್ಕೆ ಸಮಯ ಹೊಂದಿಸಿಕೊಳ್ಳಬಹುದಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ಗಾಗಿ ಬಂದ ಮಾರ್ಕ್ 11 ವಾಚಿನೊಳಗೆ ಮೆದುಕಬ್ಬಿಣದ ಕವಚವಿತ್ತು. ವಿಮಾನದ ಉಪಕರಣಗಳ ಕಾಂತಶಕ್ತಿ ಯಂತ್ರಕ್ಕೆ ತಟ್ಟದಂತೆ ಅದು ಕಾಯುತ್ತಿತ್ತು. ಕಪ್ಪು ಮುಖ, ಬಿಳಿ ಅಂಕಿ, ಕತ್ತಲೆಯಲ್ಲಿ ಹೊಳೆಯುವ ಮುಳ್ಳು: ಪೈಲಟ್ ವಾಚಿನ ರೂಪ ನೆಲೆಗೊಂಡದ್ದು ಈ ಕಾಲದಲ್ಲಿ.

ಆ ರೂಪ ನಮ್ಮ ನಾಡಿನ ಮನೆಮನೆಗೆ ಬಂದದ್ದು ಜಾಲಹಳ್ಳಿಯಿಂದ. ಬೆಂಗಳೂರಿನಲ್ಲಿ ವಿಮಾನ ಮೊದಲು ಬಂತು, ವಾಚು ಆಮೇಲೆ. 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಡನೆ ವಾಲ್‌ಚಂದ್ ಹೀರಾಚಂದ್ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಹತ್ತು ವರ್ಷದ ನಂತರ, 1961ರಲ್ಲಿ, ಎಚ್‌ಎಂಟಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ವಾಚು ತಯಾರಿಕೆಗೆ ಇಳಿಯಿತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವುದು ನಮ್ಮ ಕಡೆ ಮರ್ಯಾದೆಯ ವಿಷಯವಾಗಿತ್ತು. ಜನತಾ, ಸೋನಾ, ಕಾಂಚನ್‌ಗಳ ಸಾಲಿನಲ್ಲೇ ಬಂದದ್ದು ‘ಪೈಲಟ್’. ದಿನಾ ಕೀ ಕೊಡಬೇಕಾದ 17 ಕಲ್ಲಿನ ಯಂತ್ರ, ಕಪ್ಪು ಮುಖ, ಒಂದೇ ನೋಟಕ್ಕೆ ಸಿಗುವ ಅಂಕಿ. ಅನಗತ್ಯವಾದ ಒಂದು ಗೆರೆಯೂ ಇಲ್ಲ. ಓದಲು ಸುಲಭವಾಗಿರುವ ವಿಷಯದಲ್ಲಿ ಅದು ಇಂದಿನ ಎಷ್ಟೋ ದುಬಾರಿ ವಾಚುಗಳಿಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊರತೆ ಒಂದಿದೆ: ಕೀಲಿ ಎಳೆದರೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆ ಹೆಸರಿನ ವಾಚುಗಳನ್ನು ಜನ ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. 2018ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬ್ಯಾಂಗಲೂರ್ ವಾಚ್ ಕಂಪನಿ ಮಿಗ್-21ರ ಗೌರವಕ್ಕೆ ‘ಮ್ಯಾಕ್ 1’ ತಂದಿತು. ಅದು ಅಭಿಮಾನದ ವಾಚು, ಕಲಿಯುವವರ ಜೇಬಿಗೆ ಭಾರ.

ಅತ್ತ ವಿದೇಶದಲ್ಲಿ, 1952ರ ಬ್ರೈಟ್‌ಲಿಂಗ್ ನ್ಯಾವಿಟೈಮರ್ ಇಂಧನ, ವೇಗದ ಲೆಕ್ಕಕ್ಕೆ ಸ್ಲೈಡ್‌ರೂಲ್ ಅಳವಡಿಸಿತು. ಕಂಪ್ಯೂಟರ್ ಬಂದ ಮೇಲೆ ಅದು ಬರೀ ಅಲಂಕಾರ. ಅದೇ ದಶಕದಲ್ಲಿ ಪ್ಯಾನ್ ಆಮ್ ಪೈಲಟ್‌ಗಳಿಗೆಂದು ಬಂದ ರೋಲೆಕ್ಸ್ ಜಿಎಂಟಿ ಮಾಸ್ಟರ್ ಎರಡನೇ ಸಮಯ ತೋರಿಸುವ 24 ಗಂಟೆಯ ಮುಳ್ಳನ್ನು ಜನಪ್ರಿಯಗೊಳಿಸಿತು. ಇದು ನಿಜವಾದ ಅಗತ್ಯ, ಏಕೆಂದರೆ ಹವಾಮಾನ ವರದಿ, ಹಾರಾಟ ಯೋಜನೆ ಎಲ್ಲವೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ. ಆದರೆ ಭಾರತದಲ್ಲಿ ಒಂದು ತೊಡಕಿದೆ, ಮಾರುವವರು ಅದನ್ನು ಹೇಳುವುದಿಲ್ಲ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಆ ಮುಳ್ಳು ಸಾಮಾನ್ಯವಾಗಿ ಇಡೀ ಗಂಟೆಯಷ್ಟೇ ಜರಗುತ್ತದೆ. ಬೆಳಗಿನ ಹತ್ತೂವರೆಗೆ ಯುಟಿಸಿ ಸರಿಯಾಗಿ 5 ಗಂಟೆ, ಮುಳ್ಳು ತೋರಿಸುವುದು ನಾಲ್ಕೂವರೆ ಅಥವಾ ಐದೂವರೆ. ಲಕ್ಷಗಟ್ಟಲೆ ಕೊಟ್ಟು ಕೊಂಡರೂ ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕೂಡಿ ಕಳೆಯಬೇಕು.

1969ರಲ್ಲಿ ಸೀಕೊ ತಂದ ಕ್ವಾರ್ಟ್ಜ್ ವಾಚು ನಿಖರತೆಯ ಸಮಸ್ಯೆಯನ್ನೇ ಮುಗಿಸಿತು. ಕೀ ಕೊಡುವ ವಾಚು ದಿನಕ್ಕೆ ಹಲವು ಸೆಕೆಂಡು ತಪ್ಪಿದರೆ, ಸಾಮಾನ್ಯ ಕ್ವಾರ್ಟ್ಜ್ ತಿಂಗಳಿಗೆ ತಪ್ಪುವುದು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಈಗ ಉಪಗ್ರಹದಿಂದಲೇ ಸಮಯ ಪಡೆಯುವ ಗಾರ್ಮಿನ್‌ನಂಥ ಸ್ಮಾರ್ಟ್‌ವಾಚುಗಳೂ ಇವೆ. ಅವಕ್ಕೆ ಚಾರ್ಜ್ ಬೇಕು, ರಾತ್ರಿ ಹಾರಾಟದಲ್ಲಿ ಪರದೆಯ ಬೆಳಕನ್ನು ತಗ್ಗಿಸಿಡಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಒಂದು ಪ್ರಖರ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.

ವಿಮಾನದಲ್ಲಿ ಜಿಪಿಎಸ್ ಇರುವಾಗ ವಾಚು ಏಕೆ ಎಂದು ಕೇಳುವವರಿದ್ದಾರೆ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಒಂದು ನಿಮಿಷಕ್ಕೆ ವಿಮಾನ ಸರಿಯಾಗಿ ಹಿಮ್ಮುಖವಾಗುತ್ತದೆ. ದಿಕ್ಕು ತೋರುವ ಉಪಕರಣ ಕೈಕೊಟ್ಟು ಮೋಡದೊಳಗೆ ಸಿಕ್ಕವರು ತಿರುವಿನ ವೇಗ ತೋರಿಸುವ ಉಪಕರಣ ಮತ್ತು ಸೆಕೆಂಡಿನ ಮುಳ್ಳು ನಂಬಿ ಹೊರಬರಬಹುದು. ಕೆಳಗಿಳಿಯಲು ಸರದಿ ಕಾಯುತ್ತ ಸುತ್ತು ಹಾಕುವಾಗಲೂ, ಇಂಧನದ ಟ್ಯಾಂಕು ಬದಲಿಸುವಾಗಲೂ ಬೇಕಾದ್ದು ಅದೇ.

ಜಕ್ಕೂರಿಗೋ ಕಲಬುರಗಿಗೋ ಕಲಿಯಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಎರಡು ಸಮಯ ಒಟ್ಟಿಗೆ ತೋರಿಸುವ, ಅರ್ಧ ಗಂಟೆಯ ವ್ಯತ್ಯಾಸ ಒಪ್ಪುವ, ಸ್ಟಾಪ್‌ವಾಚ್ ಇರುವ ಡಿಜಿಟಲ್ ವಾಚು ಕೆಲವೇ ಸಾವಿರಕ್ಕೆ ಸಿಗುತ್ತದೆ, ಅದನ್ನೇ ಕೊಳ್ಳಿ. ಮುಳ್ಳಿನ ವಾಚೇ ಇಷ್ಟವಾದರೆ ಬಿಳಿ ಮುಖದ ಮೇಲೆ ಕೆಂಪು ಮುಳ್ಳಿರುವುದು ಬೇಡ, ಕಾಕ್‌ಪಿಟ್‌ನ ಕೆಂಪು ಬೆಳಕಿನಲ್ಲಿ ಅದು ಕಾಣುವುದಿಲ್ಲ. ಉಳಿದ ಹಣವನ್ನು ಹಾರಾಟದ ಗಂಟೆಗಳಿಗೆ ಹಾಕಿ.